ಕ್ಯಾಮೆರಾ ಟ್ರ್ಯಾಪ್ ಮತ್ತು ವನ್ಯಜೀವಿ ಸಮೀಕ್ಷೆಯ ಸ್ವಯಂಸೇವಕರು

ಪ್ರಾಣಿ ಮುಂದೆ ಹಾದಾಗ ತಾನಾಗಿ ಚಿತ್ರ ತೆಗೆಯುವಂತೆ ಮರಕ್ಕೋ ಗೂಟಕ್ಕೋ ಬಿಗಿದಿಟ್ಟ ಕ್ಯಾಮೆರಾವನ್ನು ಕ್ಯಾಮೆರಾ ಟ್ರ್ಯಾಪ್ ಎನ್ನುತ್ತಾರೆ. ಕಾಡುಪ್ರಾಣಿಗಳ ಇರವು, ಸಂಖ್ಯೆ, ಓಡಾಟದ ಹೊತ್ತು ಇವನ್ನು ಅವುಗಳ ಗೊಡವೆಗೆ ಹೋಗದೆ ತಿಳಿಯಲು ಇದು ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಉಪಕರಣ. ಅದರ ಜೊತೆಗೇ ಬೆಳೆದದ್ದು ಸ್ವಯಂಸೇವೆ. ರೈತರು, ಶಿಕ್ಷಕರು, ನಿವೃತ್ತರು, ವಿದ್ಯಾರ್ಥಿಗಳು ತಮ್ಮ ಜಮೀನಿನಲ್ಲಿ ಕ್ಯಾಮೆರಾ ಇಡುತ್ತಾರೆ, ಬ್ಯಾಟರಿ ಬದಲಿಸುತ್ತಾರೆ, ಮನೆಯಲ್ಲಿ ಕುಳಿತು ಸಾವಿರಾರು ಚಿತ್ರಗಳನ್ನು ವಿಂಗಡಿಸುತ್ತಾರೆ. ಹೊರಗಿನವರ ಕಣ್ಣಿಗೆ ಬೀಳುವುದು ಪತ್ರಿಕೆಯಲ್ಲಿ ಅಚ್ಚಾಗುವ ಚಿರತೆಯ ಚಿತ್ರ. ಸಮೀಕ್ಷೆಗೆ ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಆ ಚಿತ್ರದ ಹಿಂದಿನ ಲೆಕ್ಕ: ಕ್ಯಾಮೆರಾ ಎಲ್ಲಿತ್ತು, ಎಷ್ಟು ರಾತ್ರಿ ಕೆಲಸ ಮಾಡಿತು, ಅದರಲ್ಲಿ ಎಷ್ಟು ರಾತ್ರಿ ಏನೂ ಸಿಗಲಿಲ್ಲ. ಈ ಲೆಕ್ಕ ಇಟ್ಟಲ್ಲಿ ಸಾಮಾನ್ಯರ ಕೆಲಸವೂ ತಜ್ಞರ ಕೆಲಸದಷ್ಟೇ ನಂಬಿಕೆಗೆ ಅರ್ಹವಾಗಿದೆ. ಇಡದಿದ್ದಲ್ಲಿ ನುರಿತ ಛಾಯಾಗ್ರಾಹಕರ ಚಿತ್ರವೂ ಗೋಡೆಗೆ ತೂಗುಹಾಕಲಷ್ಟೇ ಸರಿ.

ಈ ವಿದ್ಯೆ ಡಿಜಿಟಲ್ ಕಾಲಕ್ಕಿಂತ ಬಹಳ ಹಳೆಯದು. ಅಮೆರಿಕದ ಜಾರ್ಜ್ ಶೈರಾಸ್ 1890ರ ದಶಕದಲ್ಲಿ ಮಿಷಿಗನ್ ಸೀಮೆಯ ಜಿಂಕೆಗಳ ದಾರಿಗೆ ಅಡ್ಡವಾಗಿ ದಾರ ಕಟ್ಟಿ, ಅದು ತಗುಲಿದೊಡನೆ ಬೆಳಕು ಚಿಮ್ಮಿ ಕ್ಯಾಮೆರಾ ತೆರೆಯುವಂತೆ ಮಾಡಿದರು. ಅವರ 74 ಚಿತ್ರಗಳನ್ನು ನ್ಯಾಷನಲ್ ಜಿಯಾಗ್ರಫಿಕ್ 1906ರ ಜುಲೈ ಸಂಚಿಕೆಯಲ್ಲಿ ಪ್ರಕಟಿಸಿತು. ಭಾರತದಲ್ಲಿ ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಇದೇ ಉಪಾಯದಿಂದ ಹುಲಿಗಳ ಚಿತ್ರ ತೆಗೆದು, 1927ರಲ್ಲಿ ಪುಸ್ತಕವಾಗಿ ತಂದರು. ಒಂದು ಹುಲಿಯ ಪಟ್ಟೆಗಳು ಇನ್ನೊಂದರಂತೆ ಇರುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಆ ಗಮನಿಕೆಯಿಂದ ಗಣಿತ ಹುಟ್ಟಲು ಮಾತ್ರ ಸುಮಾರು ಏಳು ದಶಕ ಬೇಕಾಯಿತು, ಮತ್ತು ಅದು ಹುಟ್ಟಿದ್ದು ಕರ್ನಾಟಕದಲ್ಲಿ. ಶಿವರಾಮ ಕಾರಂತರ ಮಗ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಗಳ ಆಧಾರದಲ್ಲಿ ಹುಲಿಗಳನ್ನು ಒಂದೊಂದಾಗಿ ಗುರುತಿಸಿ, ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. 1998ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರೀಯ ಪರಿಸರ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಅವರೊಡನೆ ಅದನ್ನು ಭಾರತದ ಬೇರೆ ಕಾಡುಗಳಿಗೂ ವಿಸ್ತರಿಸಿದರು.

ವಿಧಾನದ ತಿರುಳು ಸರಳ. ಮೊದಲ ಸುತ್ತಿನಲ್ಲಿ 20 ಬೇರೆ ಬೇರೆ ಹುಲಿಗಳು ಕ್ಯಾಮೆರಾಕ್ಕೆ ಸಿಕ್ಕಿದವು ಎಂದುಕೊಳ್ಳೋಣ. ಎರಡನೆಯ ಸುತ್ತಿನಲ್ಲಿ ಸಿಕ್ಕಿದ 15ರಲ್ಲಿ 10 ಹಳೆಯ ಮುಖಗಳೇ ಆಗಿದ್ದರೆ, ಅಲ್ಲಿರುವ ಹುಲಿಗಳಲ್ಲಿ ಮೂರರಲ್ಲೆರಡು ಪಾಲು ಮೊದಲ ಸುತ್ತಿನಲ್ಲೇ ಸಿಕ್ಕಿತ್ತು ಎಂದಾಯಿತು. ಹಾಗಾದರೆ ಒಟ್ಟು ಸಂಖ್ಯೆ 30ರ ಆಸುಪಾಸು. ನಿಜವಾದ ಲೆಕ್ಕ ಇದಕ್ಕಿಂತ ಜಟಿಲ, ಆದರೆ ಅದು ನಿಂತಿರುವ ಷರತ್ತುಗಳು ಇಲ್ಲೇ ಕಾಣುತ್ತವೆ. ಎರಡು ಸುತ್ತುಗಳ ನಡುವೆ ಹುಟ್ಟು, ಸಾವು, ವಲಸೆ ಹೆಚ್ಚು ಆಗಬಾರದು, ಆದ್ದರಿಂದ ಸಮೀಕ್ಷೆಯನ್ನು ಕೆಲವು ವಾರಗಳಲ್ಲಿ ಮುಗಿಸಬೇಕು. ಪ್ರತಿ ಹುಲಿಗೂ ಸಿಕ್ಕಿಬೀಳುವ ಅವಕಾಶ ಇರಬೇಕು, ಆದ್ದರಿಂದ ಕ್ಯಾಮೆರಾಗಳನ್ನು ಚೌಕಳಿ ಹಾಕಿ ಹರಡಬೇಕು. ಎಡಮೈ ಪಟ್ಟೆಗೂ ಬಲಮೈ ಪಟ್ಟೆಗೂ ಹೋಲಿಕೆಯಿಲ್ಲ, ಆದ್ದರಿಂದ ದಾರಿಯ ಎರಡೂ ಬದಿಗೆ ಜೋಡಿ ಕ್ಯಾಮೆರಾ ಬೇಕು. ಇದಕ್ಕೆ ಮುನ್ನ ಚಾಲ್ತಿಯಲ್ಲಿದ್ದ ಹೆಜ್ಜೆ ಗುರುತಿನ ಗಣತಿಯಲ್ಲಿ ಇಂಥ ಷರತ್ತು ಯಾವುದೂ ಇರಲಿಲ್ಲ; ಕಂಡ ಹೆಜ್ಜೆಯ ಅಚ್ಚು ತೆಗೆದು ಹುಲಿ ಎಣಿಸುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಹದಿನೈದಕ್ಕೂ ಹೆಚ್ಚು ಹುಲಿಗಳಿವೆಯೆಂದು ಕಾಗದ ಹೇಳುತ್ತಿದ್ದಾಗಲೇ, 2005ರ ಹೊತ್ತಿಗೆ ಅಲ್ಲಿ ಒಂದೂ ಉಳಿದಿಲ್ಲವೆಂದು ಗೊತ್ತಾಯಿತು. ಆ ಆಘಾತದ ನಂತರವೇ ದೇಶದ ಹುಲಿ ಗಣತಿ ಕ್ಯಾಮೆರಾ ಟ್ರ್ಯಾಪ್ ಆಧಾರಿತ ವಿಧಾನಕ್ಕೆ ಬದಲಾದದ್ದು. 2018ರ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಡಲಾಗಿತ್ತು. ಸಿಕ್ಕಿದ ಚಿತ್ರ 3 ಕೋಟಿ 48 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಹುಲಿಯವು 76,651, ಎಂದರೆ ಸುಮಾರು 450 ಚಿತ್ರಕ್ಕೊಂದು.

ಉಳಿದ 449ರಲ್ಲಿ ಏನಿರುತ್ತದೆ ಎಂಬುದನ್ನು ಅರಿಯಲು ಪೆಟ್ಟಿಗೆಯ ಕೆಲಸ ತಿಳಿದಿರಬೇಕು. ಇಂದಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವುದು ಶಾಖ ಗ್ರಹಿಸುವ ಸಂವೇದಕ. ಹಿನ್ನೆಲೆಗಿಂತ ಬೇರೆ ಉಷ್ಣತೆಯ ವಸ್ತು ಮುಂದೆ ಚಲಿಸಿದರೆ ಅದು ಕ್ಯಾಮೆರಾವನ್ನು ಎಬ್ಬಿಸುತ್ತದೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಓಲಾಡಿದರೂ ಅದಕ್ಕೆ ಅದೇ ಸಂಕೇತ. ಮೂಡಣಕ್ಕೋ ಪಡುವಣಕ್ಕೋ ಮುಖ ಮಾಡಿ ಕಟ್ಟಿದ ಕ್ಯಾಮೆರಾ ಬೆಳಗಿನ ಇಲ್ಲವೆ ಸಂಜೆಯ ಬಿಸಿಲಿಗೆ ನೂರಾರು ಖಾಲಿ ಚಿತ್ರ ತುಂಬಿಸಿಕೊಳ್ಳುವುದು ಹೀಗೆ. ಇದಕ್ಕೆ ವಿರುದ್ಧವಾದ ತೊಂದರೆ ಬಯಲುಸೀಮೆಯ ಏಪ್ರಿಲ್–ಮೇ ತಿಂಗಳಿನದು. ಸುತ್ತಲಿನ ಗಾಳಿ ಮೈಯಷ್ಟೇ ಬಿಸಿಯಾದಾಗ ಪ್ರಾಣಿ ಎದುರೇ ನಡೆದುಹೋದರೂ ಸಂವೇದಕಕ್ಕೆ ವ್ಯತ್ಯಾಸ ಹತ್ತುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮಸೂರದ ಗಾಜಿಗೆ ಹಬೆ ಹಿಡಿಯುತ್ತದೆ, ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟುತ್ತದೆ, ಕಟ್ಟಿದ ಹದಿನೈದು ದಿನಕ್ಕೆ ಎದುರಿನ ಹುಲ್ಲು ಮೊಣಕಾಲೆತ್ತರ ಬೆಳೆದು ಅಡ್ಡ ನಿಲ್ಲುತ್ತದೆ. ಆನೆ ಇರುವಲ್ಲಿ ಕ್ಯಾಮೆರಾ ಮರುದಿನ ಮರದ ಬುಡದಲ್ಲಿ ಚೂರಾಗಿ ಬಿದ್ದಿರುವುದೂ ಉಂಟು. ಇವೆಲ್ಲ ಬರಿಯ ಕಿರಿಕಿರಿಗಳಲ್ಲ, ಲೆಕ್ಕಕ್ಕೆ ಸೇರುವ ಸಂಗತಿಗಳು. ಆನೆ ಮುರಿದ ರಾತ್ರಿಯಿಂದಾಚೆಗೆ ಆ ಕ್ಯಾಮೆರಾ ಕೆಲಸ ಮಾಡಿಲ್ಲವೆಂದು ಯಾರಾದರೂ ಬರೆದಿಡದಿದ್ದರೆ, ಆ ಜಾಗದಲ್ಲಿ ಪ್ರಾಣಿ ಇರಲಿಲ್ಲವೆಂದು ಕಂಪ್ಯೂಟರ್ ತಿಳಿಯುತ್ತದೆ.

ಏನೂ ಸಿಗದ ರಾತ್ರಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಒಂದು ಹಳ್ಳದ ದಂಡೆಯಲ್ಲಿ ನೀರುನಾಯಿ ಇದೆ, ಆದರೆ ಯಾವುದೇ ಒಂದು ರಾತ್ರಿ ಅದು ಕ್ಯಾಮೆರಾಕ್ಕೆ ಸಿಗುವ ಸಂಭವ ಹತ್ತಕ್ಕೆ ಒಂದು ಮಾತ್ರ ಎನ್ನೋಣ. ಹತ್ತು ರಾತ್ರಿ ಕ್ಯಾಮೆರಾ ಇಟ್ಟವರಿಗೆ ಅದು ಒಮ್ಮೆಯೂ ಸಿಗದೆ ಹೋಗುವ ಸಂಭವ ನೂರಕ್ಕೆ 35. ಮೂವತ್ತು ರಾತ್ರಿ ಇಟ್ಟವರಿಗೆ ಆ ಸಂಭವ ನೂರಕ್ಕೆ ಸುಮಾರು 4ಕ್ಕೆ ಇಳಿಯುತ್ತದೆ. ಇಬ್ಬರೂ ‘ಇಲ್ಲ’ ಎಂದು ವರದಿ ಕೊಟ್ಟರೆ ಎರಡನೆಯವರ ‘ಇಲ್ಲ’ಕ್ಕೆ ತೂಕ ಹೆಚ್ಚು, ಎಷ್ಟು ಹೆಚ್ಚೆಂದು ಹೇಳಲು ರಾತ್ರಿಗಳ ಲೆಕ್ಕ ಬೇಕು. ಕಾಣದಿರುವುದನ್ನೂ ಇಲ್ಲದಿರುವುದನ್ನೂ ಹೀಗೆ ಬೇರ್ಪಡಿಸುವ ಮಾದರಿಗಳನ್ನು ಡ್ಯಾರಿಲ್ ಮೆಕೆಂಜಿ ಮತ್ತು ಸಂಗಡಿಗರು 2002ರಲ್ಲಿ ರೂಪಿಸಿದ ಮೇಲೆ, ಪಟ್ಟೆ–ಚುಕ್ಕೆಗಳಿಲ್ಲದ, ಒಂದನ್ನೊಂದು ಬೇರೆಯೆಂದು ಗುರುತಿಸಲಾಗದ ಪ್ರಾಣಿಗಳ ಸಮೀಕ್ಷೆಗೂ ಕ್ಯಾಮೆರಾ ಟ್ರ್ಯಾಪ್ ಒದಗಿತು. ಸ್ವಯಂಸೇವಕರಿಗೆ ಬಾಗಿಲು ತೆರೆದದ್ದು ಇದೇ ಎನ್ನಬೇಕು. ಹುಲಿ ಎಣಿಸಲು ಜೋಡಿ ಕ್ಯಾಮೆರಾ, ಸಿಬ್ಬಂದಿ, ವಾಹನ ಬೇಕು. ಮುಳ್ಳುಹಂದಿ ಯಾವ ಯಾವ ಊರಿನ ಸುತ್ತ ಉಳಿದಿದೆಯೆಂದು ತಿಳಿಯಲು ಒಬ್ಬರಿಗೆ ಒಂದೇ ಕ್ಯಾಮೆರಾ ಸಾಕು, ಆದರೆ ಅಂಥ ನೂರಾರು ಜನ ಬೇಕು.

ನೂರಾರು ಜನರನ್ನು ಒಂದೇ ಶಿಸ್ತಿಗೆ ತರಬಹುದು ಎಂಬುದಕ್ಕೆ ಅಮೆರಿಕದ ಎರಡು ರಾಜ್ಯಗಳು ಒಳ್ಳೆಯ ನಿದರ್ಶನ. ವಿಸ್ಕಾನ್ಸಿನ್ ರಾಜ್ಯದ ನಿಸರ್ಗ ಸಂಪನ್ಮೂಲ ಇಲಾಖೆ ನಡೆಸುವ ಸ್ನ್ಯಾಪ್‌ಶಾಟ್ ವಿಸ್ಕಾನ್ಸಿನ್ ಯೋಜನೆ 2018ರಲ್ಲಿ ರಾಜ್ಯದಾದ್ಯಂತ ಸಾರ್ವಜನಿಕರಿಗೆ ತೆರೆಯಿತು. ಕನಿಷ್ಠ 10 ಎಕರೆ ಒತ್ತಟ್ಟಿನ ಜಮೀನಿರುವವರಿಗೆ ಇಲಾಖೆಯೇ ಕ್ಯಾಮೆರಾ ಕೊಟ್ಟು, ತರಬೇತಿ ಕೊಟ್ಟು, ಭೂಪಟದ ಯಾವ ಚೌಕಕ್ಕೆ ಯಾರೆಂದು ಹಂಚುತ್ತದೆ. ಸ್ವಯಂಸೇವಕರು ಕೆಲವು ತಿಂಗಳಿಗೊಮ್ಮೆಯಾದರೂ ಬ್ಯಾಟರಿ, ಮೆಮೊರಿ ಕಾರ್ಡ್ ಬದಲಿಸಿ ಚಿತ್ರ ಒಪ್ಪಿಸಬೇಕು. ಪ್ರಾಣಿ ಬಾರದ ದಿನವೂ ಕ್ಯಾಮೆರಾ ನಿಗದಿತ ಹೊತ್ತಿಗೆ ಒಂದು ಚಿತ್ರ ತೆಗೆಯುತ್ತದೆ. ಹಸಿರು, ಹಿಮಗಳ ಸ್ಥಿತಿಯನ್ನು ಉಪಗ್ರಹದ ಚಿತ್ರದೊಡನೆ ಹೋಲಿಸಲು ಅದು ಬೇಕು, ಕ್ಯಾಮೆರಾ ಜೀವಂತವಾಗಿತ್ತು ಎಂಬುದಕ್ಕೂ ಅದೇ ಸಾಕ್ಷಿ. ಉತ್ತರ ಕೆರೊಲಿನಾದಲ್ಲಿ 2016ರಿಂದ 2019ರವರೆಗೆ ನಡೆದ ಕ್ಯಾಂಡಿಡ್ ಕ್ರಿಟರ್ಸ್ ಯೋಜನೆ ಕ್ಯಾಮೆರಾಗಳನ್ನು ಊರಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿಟ್ಟು ಪುಸ್ತಕದಂತೆ ಎರವಲು ಕೊಟ್ಟಿತು. ರಾಜ್ಯದ 100 ಕೌಂಟಿಗಳಲ್ಲೂ ಸೇರಿ 4 ಸಾವಿರಕ್ಕೂ ಹೆಚ್ಚು ಜಾಗಗಳ ದಾಖಲೆ ಬಂತು. ನಮ್ಮ ಗ್ರಂಥಾಲಯಗಳಿಗೆ ಇದು ದೂರದ ಮಾತೆನಿಸಬಹುದು, ಆದರೆ ಯೋಚನೆ ಮಾತ್ರ ಬಲು ಅಗ್ಗದ್ದು. ಇಂಥ ಶ್ರಮದಿಂದ ಸಿಗುವ ಉತ್ತರಗಳೂ ಸಣ್ಣವಲ್ಲ. ಪೂರ್ವ ಅಮೆರಿಕದ ಆರು ರಾಜ್ಯಗಳ 32 ರಕ್ಷಿತ ಪ್ರದೇಶಗಳಲ್ಲಿ, 1,947 ಜಾಗಗಳಲ್ಲಿ ಸ್ವಯಂಸೇವಕರು ಇಟ್ಟ ಕ್ಯಾಮೆರಾಗಳ ಆಧಾರದಿಂದ ರೊಲಂಡ್ ಕೇಸ್ ಮತ್ತು ಸಂಗಡಿಗರು ಚಾರಣ, ಬೇಟೆಗಳು ಪ್ರಾಣಿಗಳ ಮೇಲೆ ಮಾಡುವ ಪರಿಣಾಮವನ್ನು ಅಳೆದರು. ನೆಲೆಯ ಗುಣದ ಮುಂದೆ ಆ ಪರಿಣಾಮ ಚಿಕ್ಕದೆಂದು ಕಂಡಿತು. ಒಂದು ವಿಶ್ವವಿದ್ಯಾಲಯದ ನಾಲ್ಕಾರು ವಿದ್ಯಾರ್ಥಿಗಳಿಂದ ಅಷ್ಟು ಜಾಗ ಮುಟ್ಟುವುದು ಆಗದ ಮಾತು.

ಮೊದಲ ಆಕ್ಷೇಪ ಸಹಜವಾದದ್ದೇ: ಪ್ರಾಣಿಶಾಸ್ತ್ರ ಓದದವರು ಪ್ರಾಣಿಯನ್ನು ತಪ್ಪಾಗಿ ಗುರುತಿಸುವುದಿಲ್ಲವೆ? ಗುರುತಿಸುತ್ತಾರೆ. ಕರ್ನಾಟಕದ ತೋಟಗಳಲ್ಲಿ ರಾತ್ರಿ ಹಾಯುವ ಪುನುಗು ಬೆಕ್ಕಿಗೂ ಕಬ್ಬೆಕ್ಕಿಗೂ ಕಪ್ಪು–ಬಿಳುಪು ಚಿತ್ರದಲ್ಲಿ ಮುಖ ನೋಡಿ ವ್ಯತ್ಯಾಸ ಹೇಳುವುದು ಕಷ್ಟ. ಬಾಲದಲ್ಲಿ ಬಳೆಗಳಿದ್ದರೆ ಪುನುಗು, ಬಾಲ ಪೂರಾ ಕಪ್ಪಾಗಿದ್ದರೆ ಕಬ್ಬೆಕ್ಕು ಎಂಬುದನ್ನು ಹೇಳಿಕೊಡದೆ ಯಾರಿಗೂ ತಿಳಿಯುವುದಿಲ್ಲ. ಆದರೆ ಒಬ್ಬರ ತಪ್ಪು ಬೇರೆ, ಹಲವರ ಒಮ್ಮತದ ತಪ್ಪು ಬೇರೆ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಅಲೆಕ್ಸಾಂಡ್ರಾ ಸ್ವಾನ್ಸನ್ ಮತ್ತು ಸಂಗಡಿಗರು 2010ರಿಂದ 225 ಕ್ಯಾಮೆರಾಗಳನ್ನು ಹರಡಿ, ಬಂದ 12 ಲಕ್ಷ ಚಿತ್ರಗುಚ್ಛಗಳನ್ನು ಅಂತರ್ಜಾಲದ ಮೂಲಕ ಸಾರ್ವಜನಿಕರ ಮುಂದಿಟ್ಟರು. 28 ಸಾವಿರಕ್ಕೂ ಹೆಚ್ಚು ಜನ 1 ಕೋಟಿ 8 ಲಕ್ಷ ಗುರುತಿಸುವಿಕೆಗಳನ್ನು ದಾಖಲಿಸಿದರು. ಒಂದೊಂದು ಚಿತ್ರವನ್ನೂ ಹಲವರು, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ, ಗುರುತಿಸಿದ್ದರು. ತಜ್ಞರು ಪ್ರತ್ಯೇಕವಾಗಿ ನೋಡಿದ 4,149 ಗುಚ್ಛಗಳೊಡನೆ ಈ ಒಮ್ಮತವನ್ನು ಹೋಲಿಸಿದಾಗ ಪ್ರಾಣಿಯ ಜಾತಿಯಲ್ಲಿ ನೂರಕ್ಕೆ 97, ಎಣಿಕೆಯಲ್ಲಿ ನೂರಕ್ಕೆ 90ರಷ್ಟು ಹೊಂದಿಕೆ ಕಂಡಿತು. ಇನ್ನೊಂದು ಅನುಕೂಲವೂ ಇಲ್ಲಿದೆ: ಉತ್ತರಗಳು ಒಂದಕ್ಕೊಂದು ಕೂಡದಿದ್ದರೆ ಆ ಚಿತ್ರ ಕಠಿಣವಾದದ್ದೆಂದು ತಾನೇ ಗೊತ್ತಾಗುತ್ತದೆ, ತಜ್ಞರು ಅದನ್ನಷ್ಟೇ ನೋಡಿದರೆ ಸಾಕು. ಚಿತ್ರ ಉಳಿದಿರುವವರೆಗೆ ಗುರುತನ್ನು ತಿದ್ದಬಹುದು. ಕ್ಯಾಮೆರಾ ಇಟ್ಟ ಜಾಗವನ್ನೋ ದಿನಾಂಕವನ್ನೋ ತಪ್ಪಾಗಿ ಬರೆದರೆ ಮಾತ್ರ ಮುಂದೆ ಯಾರೂ ತಿದ್ದಲಾರರು. ತರಬೇತಿಯ ಹೊತ್ತೆಲ್ಲ ಪ್ರಾಣಿಗಳ ಪಟಕ್ಕೆ ಹೋಗಿ, ಗಡಿಯಾರ ಹೊಂದಿಸುವುದಕ್ಕೆ ಐದು ನಿಮಿಷ ಉಳಿಯುವ ಶಿಬಿರಗಳು ಇದನ್ನು ತಲೆಕೆಳಗು ಮಾಡುತ್ತವೆ.

ಎರಡನೆಯ ಆಕ್ಷೇಪ ಹೊಸದು. ಚಿತ್ರ ಗುರುತಿಸುವ ಕೆಲಸವನ್ನು ಯಂತ್ರಕಲಿಕೆ ಮಾಡುವಾಗ ಸ್ವಯಂಸೇವಕರು ಏಕೆ ಬೇಕು? ಸೆರೆಂಗೆಟಿಯ 32 ಲಕ್ಷ ಚಿತ್ರಗಳ ಮೇಲೆ ಪಳಗಿಸಿದ ಕಂಪ್ಯೂಟರ್ ಮಾದರಿ, ತನಗೆ ಖಚಿತವೆನಿಸಿದ ನೂರಕ್ಕೆ 99ರಷ್ಟು ಚಿತ್ರಗಳನ್ನು ಸ್ವಯಂಸೇವಕರಷ್ಟೇ ಸರಿಯಾಗಿ ವಿಂಗಡಿಸಬಲ್ಲದೆಂದು 2018ರ ಒಂದು ಅಧ್ಯಯನ ತೋರಿಸಿತು. ಅದರಿಂದ ಉಳಿದ ಮಾನವ ಶ್ರಮ 17 ಸಾವಿರ ಗಂಟೆಗೂ ಹೆಚ್ಚು. ಆದರೆ ಆ ಯಂತ್ರ ಕಲಿತದ್ದು ಆ ಸ್ವಯಂಸೇವಕರೇ ಗುರುತಿಸಿ ಕೊಟ್ಟ ಚಿತ್ರಗಳಿಂದ. ಮೇಲಾಗಿ ಒಂದು ಜಾಗದಲ್ಲಿ ಕಲಿತ ಯಂತ್ರ ಇನ್ನೊಂದು ಜಾಗದ ಮರ, ಬೆಳಕು, ಹಿನ್ನೆಲೆ ಬದಲಾದಾಗ ಎಡವುತ್ತದೆಂಬುದನ್ನು ಅದೇ ವರ್ಷ ಬೇರೊಂದು ತಂಡ ತೋರಿಸಿತು. ಸೆರೆಂಗೆಟಿಯ ಬಯಲಲ್ಲಿ ಕಾಡೆಮ್ಮೆ ಗುರುತಿಸಲು ಕಲಿತದ್ದು ಕೊಡಗಿನ ಸಿಲ್ವರ್ ಓಕ್ ನೆರಳಿನಲ್ಲಿ ಕಾಟಿಯನ್ನು ಗುರುತಿಸುತ್ತದೆಂಬ ಭರವಸೆಯಿಲ್ಲ. ಖಾಲಿ ಚಿತ್ರಗಳನ್ನು ಬೇರ್ಪಡಿಸುವ ದಂಡದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಸರಿಯೇ. ಕ್ಯಾಮೆರಾ ಕಟ್ಟುವುದು, ಹುಲ್ಲು ಸವರುವುದು, ಕೆಟ್ಟಾಗ ಹೋಗಿ ನೋಡುವುದು ಇನ್ನೂ ಕಾಲು–ಕೈಗಳ ಕೆಲಸವಾಗಿಯೇ ಉಳಿದಿದೆ.

ಭಾರತದಲ್ಲಿ ಈ ಕೆಲಸಕ್ಕೆ ಇನ್ನೊಂದು ಎಲ್ಲೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅಧ್ಯಯನಕ್ಕಾಗಲಿ ಛಾಯಾಗ್ರಹಣಕ್ಕಾಗಲಿ ಅನುಮತಿ ಬೇಕು. ತನಗೆ ತೋಚಿದಲ್ಲಿ ಕ್ಯಾಮೆರಾ ಕಟ್ಟಿಬರುವುದು ಸ್ವಯಂಸೇವೆಯಾಗದೆ ಅಪರಾಧವಾಗುತ್ತದೆ. ಇದನ್ನು ಜನರ ಉತ್ಸಾಹಕ್ಕೆ ಹಾಕಿದ ಬೇಲಿಯೆಂದು ದೂರುವವರಿದ್ದಾರೆ. ಆದರೆ ಗಮನಿಸಬೇಕಾದದ್ದು, ಹುಲಿ ಮೀಸಲುಗಳ ಒಳಗೆ ಕ್ಯಾಮೆರಾಗಳಿಗೆ ಬರವಿಲ್ಲ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿಗಳ ಅಂದಾಜು ಬಂದದ್ದು ಅಂಥ ದಟ್ಟ ಜಾಲದಿಂದಲೇ. ಬರವಿರುವುದು ಹೊರಗೆ. ಮಹಾರಾಷ್ಟ್ರದ ಅಕೋಲೆ ಕಣಿವೆಯ ಕಬ್ಬಿನ ಗದ್ದೆಗಳ ನಡುವೆ ಕ್ಯಾಮೆರಾ ಇಟ್ಟ ವಿದ್ಯಾ ಆತ್ರೇಯ ಮತ್ತು ಸಂಗಡಿಗರು, ಚದರ ಕಿಲೋಮೀಟರಿಗೆ 300ಕ್ಕೂ ಹೆಚ್ಚು ಜನರಿರುವ ಆ ನೆಲದಲ್ಲಿ 100 ಚದರ ಕಿಲೋಮೀಟರಿಗೆ ಸುಮಾರು 4.8 ಚಿರತೆ, 5 ಕತ್ತೆಕಿರುಬ ಇವೆಯೆಂದು 2013ರಲ್ಲಿ ಪ್ರಕಟಿಸಿದರು. ಆ ಪ್ರಾಣಿಗಳು ಅಲ್ಲಿ ದಾರಿತಪ್ಪಿ ಬಂದವಲ್ಲ, ಅಲ್ಲಿಯ ನಿವಾಸಿಗಳು. ಕರ್ನಾಟಕದಲ್ಲೂ ತುಮಕೂರು ಸೀಮೆಯ ಬಂಡೆಗುಡ್ಡಗಳ ಚಿರತೆ, ತುಂಗಭದ್ರೆಯ ದಂಡೆಯ ನೀರುನಾಯಿ, ಕೆರೆ ಬದುವಿನ ನರಿ, ತೋಟದ ಚಿಪ್ಪುಹಂದಿ ಇವುಗಳ ಬದುಕಿನ ಬಹುಪಾಲು ರಕ್ಷಿತಾರಣ್ಯದ ಗಡಿಯಾಚೆ. ಭದ್ರಾ ಅಭಯಾರಣ್ಯದ ಸುತ್ತಲಿನ ಕಾಫಿ ತೋಟಗಳ ಅಧ್ಯಯನವೊಂದು, ತೋಟ ಕಾಡಿಗೆ ಸಮೀಪವಾದಷ್ಟೂ ಸಸ್ತನಿಗಳ ಬಗೆ ಹೆಚ್ಚೆಂದು ತೋರಿಸಿದೆ. ಅಂಥ ನೆಲಕ್ಕೆ ಹೋಗಲು ಅರಣ್ಯ ಸಿಬ್ಬಂದಿಗೆ ಪುರುಸೊತ್ತಿಲ್ಲ, ಸಂಶೋಧಕರಿಗೆ ಮಾಲೀಕರ ಪರಿಚಯವಿಲ್ಲ. ಮಾಲೀಕರೇ ಸ್ವಯಂಸೇವಕರಾದರೆ ಎರಡೂ ತೊಡಕು ಒಟ್ಟಿಗೆ ಬಿಡುತ್ತವೆ, ಅವರು ವಲಯ ಅರಣ್ಯಾಧಿಕಾರಿಗೆ ತಿಳಿಸಿ ಇಡಬೇಕೆಂಬ ಒಂದು ಮಾತು ಬಿಟ್ಟರೆ.

ಹೀಗೆ ಹರಡಿದ ಜಾಲ ತನ್ನ ಗುರಿಯಲ್ಲದ್ದನ್ನೂ ಹಿಡಿಯುತ್ತದೆ. ಚಿರತೆ ಎಣಿಸಲೆಂದು ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಕಾವೇರಿ ವನ್ಯಜೀವಿ ಧಾಮದಲ್ಲಿಟ್ಟ ಕ್ಯಾಮೆರಾಗಳಿಗೆ ತರಕರಡಿ ಸಿಕ್ಕಿ, 2014ರಲ್ಲಿ ಅದು ಕರ್ನಾಟಕದಲ್ಲಿ ಆ ಪ್ರಾಣಿಯ ಮೊದಲ ಚಿತ್ರ ದಾಖಲೆಯಾಯಿತು. ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಅದು ಅಲ್ಲೇ ಓಡಾಡಿಕೊಂಡಿತ್ತು.

ಗುರಿಯಲ್ಲದ್ದು ಸಿಗುವುದೆಂದರೆ ಮನುಷ್ಯರೂ ಸಿಗುತ್ತಾರೆ, ಇದು ಎಲ್ಲಕ್ಕಿಂತ ಭಾರವಾದ ಆಕ್ಷೇಪ. ಉತ್ತರಾಖಂಡದ ಕಾರ್ಬೆಟ್ ಸುತ್ತಲಿನ ಹಳ್ಳಿಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನ, ಸೌದೆ, ಹುಲ್ಲು ತರಲು ಕಾಡಿಗೆ ಹೋಗುವ ಹೆಂಗಸರಿಗೆ ಕ್ಯಾಮೆರಾ ಟ್ರ್ಯಾಪ್ ಎಂದರೆ ಕಣ್ಗಾವಲು ಎಂಬುದನ್ನು ಬಿಡಿಸಿ ಹೇಳಿದೆ. ಖಾಸಗಿ ಹೊತ್ತಿನಲ್ಲಿ ಸಿಕ್ಕಿಬಿದ್ದ ಒಬ್ಬ ಮಹಿಳೆಯ ಚಿತ್ರ ಊರಿನ ಮೊಬೈಲುಗಳಲ್ಲಿ ಹರಿದಾಡಿ, ಸಿಟ್ಟಿಗೆದ್ದ ಜನ ಕ್ಯಾಮೆರಾಗಳನ್ನು ಒಡೆದು ಹಾಕಿದ್ದರು. ಹಾಡುತ್ತ, ಜೋರಾಗಿ ಮಾತಾಡುತ್ತ ಹೋಗುವುದು ಅಲ್ಲಿಯ ಹೆಂಗಸರು ಆನೆ, ಹುಲಿಗಳಿಗೆ ಎದುರಾಗದಿರಲು ಕಂಡುಕೊಂಡ ದಾರಿ. ಕ್ಯಾಮೆರಾ ಭಯಕ್ಕೆ ಅವರ ದನಿ ಅಡಗಿ ಅಪಾಯ ಹೆಚ್ಚಿತ್ತು. ಇದಕ್ಕೆ ‘ನಮ್ಮ ಉದ್ದೇಶ ಒಳ್ಳೆಯದು’ ಎಂಬ ಉತ್ತರ ಸಾಲದು. ವಿಸ್ಕಾನ್ಸಿನ್‌ನಲ್ಲಿ ಮನುಷ್ಯರಿರುವ ಚಿತ್ರಗಳನ್ನು ತೆಗೆದುಹಾಕಿದ ಮೇಲೆಯೇ ಉಳಿದವು ಸಾರ್ವಜನಿಕರ ಮುಂದೆ ಬರುತ್ತವೆ. ನಮ್ಮಲ್ಲಿ ಜಮೀನು ಒಬ್ಬರದಾದರೂ ಅದರ ಕಾಲುದಾರಿ ಹಾಡಿಯವರದು, ಕೂಲಿಯವರದು, ಹಳ್ಳಕ್ಕೆ ಹೋಗುವವರದು. ಆದ್ದರಿಂದ ಎಲ್ಲಿ ಕ್ಯಾಮೆರಾ ಇದೆಯೆಂದು ಅವರಿಗೆ ಮೊದಲೇ ಹೇಳಿ, ಬೇಡವೆಂದ ದಾರಿಯನ್ನು ಬಿಟ್ಟುಬಿಡುವುದು ಸಮೀಕ್ಷೆಯ ನಿಯಮದಲ್ಲೇ ಸೇರಬೇಕು. ಬಿಟ್ಟ ಚೌಕವನ್ನು ಬಿಟ್ಟದ್ದೆಂದು ಬರೆದರೆ ಲೆಕ್ಕಕ್ಕೆ ಹಾನಿಯಿಲ್ಲ. ಕಳ್ಳಬೇಟೆಯವರ ವಿಷಯದಲ್ಲೂ ಇದೇ ಎಚ್ಚರ: ಸ್ಥಳದ ಅಕ್ಷಾಂಶ–ರೇಖಾಂಶ ಯೋಜನೆಯ ಕಡತದಲ್ಲಿರಬೇಕು, ಚಿಪ್ಪುಹಂದಿಯ ಚಿತ್ರ ಬಂದ ಮರುಕ್ಷಣ ವಾಟ್ಸಾಪ್ ಗುಂಪಿನಲ್ಲಿ ಅಲ್ಲ.

ಸ್ವಯಂಸೇವಕರು ತಮಗೆ ಅನುಕೂಲವಾದ ಜಾಗವನ್ನೇ ಆರಿಸುತ್ತಾರೆ, ಆದ್ದರಿಂದ ಅವರ ಜಾಲ ಓರೆಯಾಗಿರುತ್ತದೆ ಎಂಬ ಸಂಖ್ಯಾಶಾಸ್ತ್ರಜ್ಞರ ದೂರು ನಿಜ. ರಸ್ತೆಯ ಸಮೀಪದ, ಓದು ಬಲ್ಲವರ, ಜಮೀನುಳ್ಳವರ ನೆಲವೇ ಅದರಲ್ಲಿ ಹೆಚ್ಚಾಗಿ ಬರುತ್ತದೆ. ಇದಕ್ಕೆ ಪರಿಹಾರ ಜಾಗದ ಆಯ್ಕೆಯನ್ನು ಅವರ ಕೈಯಿಂದ ಅರ್ಧವಷ್ಟೇ ತೆಗೆಯುವುದು. ಚೌಕವನ್ನು ಯೋಜನೆ ಹೇಳುತ್ತದೆ, ಚೌಕದೊಳಗಿನ ಮರವನ್ನು ಸ್ಥಳ ಬಲ್ಲವರು ಹೇಳುತ್ತಾರೆ. ಪ್ರಾಣಿ ನಡೆದ ಜಾಡು ತೋಟದ ವಾಚರ್‌ನಿಗೆ ಗೊತ್ತಿರುವಷ್ಟು ಭೂಪಟಕ್ಕೆ ಗೊತ್ತಿರುವುದಿಲ್ಲ. ಉಳಿದ ಓರೆಯನ್ನು ರಸ್ತೆಯ ದೂರ, ತೋಟದ ಬಗೆ, ನೆರಳಿನ ಪ್ರಮಾಣ ಇವನ್ನು ಪ್ರತಿ ಕ್ಯಾಮೆರಾಕ್ಕೂ ಬರೆದಿಟ್ಟುಕೊಂಡರೆ ಆಮೇಲೆ ಬಹುಮಟ್ಟಿಗೆ ಸರಿದೂಗಿಸಬಹುದು. ಇದಕ್ಕಿಂತ ಕಷ್ಟದ್ದು ಜನ ಬಿಟ್ಟುಹೋಗುವುದು. ಮೊದಲ ತಿಂಗಳ ಉತ್ಸಾಹ ಕಾಡುಹಂದಿ, ನಾಯಿ, ಮತ್ತೆ ಕಾಡುಹಂದಿ ನೋಡಿ ನೋಡಿ ಬತ್ತುತ್ತದೆ. ಹಾಗೆ ಬಿಡುವವರನ್ನು ತಡೆಯಲಾಗದಿದ್ದರೂ, ಕೊನೆಯ ದಿನಾಂಕ ಬರೆದು, ಕಾರ್ಡ್ ಒಪ್ಪಿಸಿ, ಕ್ಯಾಮೆರಾವನ್ನು ಮುಂದಿನವರಿಗೆ ದಾಟಿಸುವ ಕ್ರಮವಿದ್ದರೆ ಅವರು ಇಟ್ಟ ರಾತ್ರಿಗಳೆಲ್ಲ ಲೆಕ್ಕದಲ್ಲಿ ಉಳಿಯುತ್ತವೆ. ಕಾಫಿ ಕೊಯ್ಲು ಶುರುವಾಗುವ ನವೆಂಬರ್–ಡಿಸೆಂಬರ್‌ನಲ್ಲಿ ತೋಟದವರಿಗೆ ಬಿಡುವಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆಗೆ ಕ್ಯಾಮೆರಾ ಬಾಳುವುದಿಲ್ಲ. ಕೊಡಗು, ಚಿಕ್ಕಮಗಳೂರುಗಳಲ್ಲಿ ಇಂಥ ಯೋಜನೆ ಹಾಕುವವರು ಕೊಯ್ಲು ಮುಗಿದು ಹೂಮಳೆ ಕಾಯುವ ಫೆಬ್ರುವರಿ–ಮಾರ್ಚ್‌ನಲ್ಲಿ ಮೂವತ್ತು, ನಲವತ್ತು ರಾತ್ರಿಯ ಒಂದು ಸುತ್ತನ್ನು ಪ್ರತಿವರ್ಷ ಅದೇ ಮರಗಳಲ್ಲಿ ನಡೆಸಿದರೆ, ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದ ದಾಖಲೆ ಕೈಗೆ ಸಿಗುತ್ತದೆ.